ಪಡಸಾಲೆಯ ಬಾಕ್ಸಿಂಗು

ಇವತ್ತು ಮುಂಜಾನೆ ಹಾಲು ಕಾಯಿಸಿಟ್ಟು, ಅಂಗಳಕ್ಕೆ ನೀರು ಹಾಕಿ, ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಹಿಡಕಲ್ಲಿನಿಂದ ಅಕ್ಕ ಬಂದಿದ್ದಾಳೆ, ಗೋಕಾಕದ ಡಾಕ್ಟರಿಗೆ ಕಣ್ಣು ತೋರಿಸಲು. ಅಡುಗೆಮನೆಯ ಹೊಸ್ತಿಲ ಬಳಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಕಣ್ಣು ಮಂಜಾದರೇನಂತೆ, ಬೇರು ಒಂದು ಕಡೆ, ಎಲೆ ಒಂದು ಕಡೆ, ಒಂದೂ ತಪ್ಪಿರಲಿಲ್ಲ. ಅಷ್ಟರಲ್ಲಿ ಪಡಸಾಲೆಯಿಂದ ಟಣ್ ಎಂದು ಗಂಟೆಯ ಸದ್ದು ಬಂತು. ಪೂಜೆಯ ಗಂಟೆಯಲ್ಲ, ಬಾಕ್ಸಿಂಗಿನ ಗಂಟೆ.

ನಮ್ಮ ಯಜಮಾನರೂ ಅವರ ಗೆಳೆಯರಾದ ಗುರುಸಿದ್ದಪ್ಪನವರೂ ಒಂದೇ ಮೊಬೈಲಿನ ಮೇಲೆ ಬಗ್ಗಿದ್ದರು. ಬೇರೆ ಬೇರೆ ಕಾಲದ ಇಬ್ಬರು ಬಾಕ್ಸರರನ್ನು ಯಾರೋ ಪುಣ್ಯಾತ್ಮರು ಕಂಪ್ಯೂಟರಿನಲ್ಲಿ ಎದುರುಬದುರು ನಿಲ್ಲಿಸಿದ್ದಾರೆ. ಒಬ್ಬ ಸತ್ತು ಎಷ್ಟೋ ವರ್ಷವಾಯಿತು. ಇನ್ನೊಬ್ಬ ಮುದುಕನಾದ ಮೇಲೆ ಸತ್ತ. ಇಬ್ಬರೂ ಈಗ ನಮ್ಮ ಪಡಸಾಲೆಯಲ್ಲಿ ಇಪ್ಪತ್ತೈದರ ಹುಡುಗರು. ನೋಡುತ್ತಿರುವವರಲ್ಲಿ ಒಬ್ಬರಿಗೆ ಮೊಣಕಾಲು ನೋವು. ಇನ್ನೊಬ್ಬರಿಗೆ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯಲು ಹೆಂಡತಿ ಬೇಕು. ಯಾರ ಎಡಗೈ ಬಿರುಸು, ಯಾರ ಹೆಜ್ಜೆ ಹಗುರ ಎನ್ನುವುದನ್ನು ಮಾತ್ರ ಇಬ್ಬರೂ ತಮ್ಮ ಮೈಮೇಲೆ ಅನುಭವಿಸಿದವರಂತೆ ಹೇಳುತ್ತಾರೆ.

ಆ ಬಾಕ್ಸರರ ಹೆಸರು ನಾನು ಬರೆಯುವುದಿಲ್ಲ. ಬರೆದರೆ ಇದನ್ನು ಓದುವ ಗಂಡಸರು ಇಲ್ಲಿಗೇ ನಿಂತು ಬಾಜೂ ಕೂತವರ ಕೂಡ ವಾದಕ್ಕೆ ಇಳಿಯುತ್ತಾರೆ.

ನಮ್ಮ ಯಜಮಾನರು ಒಳಗೆ ಹಣಿಕಿ, "ಅಕ್ಕಾರ, ನೀವ ಹೇಳ್ರಿ, ಈ ಇಬ್ಬರಾಗ ಯಾರು ಗೆಲ್ಲತಾರು?" ಎಂದರು. ಚೇಷ್ಟೆಗೆ ಕೇಳಿದ್ದು ಅಷ್ಟೆ. ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಯಾಕೆಂದರೆ ಅದೇ ಇಬ್ಬರು ಬಾಕ್ಸರರು. ನನ್ನ ಅಕ್ಕನಿಗೆ ಕೂಡಿಬಂದಿದ್ದ ಸಂಬಂಧವನ್ನು ಮುರಿದವರು.

ನಮ್ಮದು ಮೂಡಲಗಿ. ಅಪ್ಪನದು ಬೆಲ್ಲದ ವ್ಯಾಪಾರ. ಬಾಕ್ಸಿಂಗನ್ನು ಅವರು ಕಂಡಿದ್ದು ಪೇಪರಿನ ಫೋಟೋದಲ್ಲಿ ಮಾತ್ರ. ಕುಸ್ತಿ ನೋಡಿ ಬೆಳೆದ ಊರಿನವರಿಗೆ ಅಷ್ಟು ಸಾಕಿತ್ತು. ಮಣ್ಣಿನಲ್ಲಿ ಪಟ್ಟು ಹಾಕುವ ಪೈಲ್ವಾನರ ಲೆಕ್ಕದಲ್ಲೇ ಆ ದೂರದೇಶದವರನ್ನೂ ತೂಗುತ್ತಿದ್ದರು. ನಾನು ಗೋಕಾಕದಲ್ಲಿ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದೆ. ಅಕ್ಕ ಊರ ಸಾಲಿಯಲ್ಲೇ ಕಲಿತು, ದಿನವೂ ಅಪ್ಪನಿಗೆ ಪೇಪರು ಓದಿ ಹೇಳುತ್ತ ಮನೆಯಲ್ಲಿದ್ದಳು. ರಜೆಗೆ ಬಂದಾಗ ನಾನು ಚಮಚದಿಂದ ಅನ್ನ ಉಣ್ಣುತ್ತಿದ್ದೆ, ಅಕ್ಕ ಅದನ್ನು ನೋಡಿ ನಗುತ್ತಿದ್ದಳು. ಆಗಿನ ನನ್ನನ್ನು ಈಗ ಕಂಡರೆ ಎರಡು ಬಿಡಬೇಕೆನಿಸುತ್ತದೆ.

ಹುಕ್ಕೇರಿಯ ಸಂಬಂಧ ಬಂದದ್ದು ಅಂಥ ಒಂದು ರಜೆಯಲ್ಲಿ. ಹುಡುಗ ಸಾಲಿ ಮಾಸ್ತರ. ಮಮದಾಪುರದ ಒಂದು ಲಗ್ನದಲ್ಲಿ ಊಟದ ಪಂಕ್ತಿಗೆ ನೀರು ಬಡಿಸುತ್ತಿದ್ದ ಅವನನ್ನು ಅಕ್ಕ ಕಂಡಿದ್ದಳು. ಖಾಲಿಯಾಗುವ ಮುಂಚೆಯೇ ಅವಳ ಲೋಟ ತುಂಬಿಸಿದ್ದನಂತೆ, ಎರಡು ಸಲ. ಅಷ್ಟೇ ಅವರ ಪರಿಚಯ. ಅವನ ಮನೆಯವರೇ ಹೆಣ್ಣು ಕೇಳಿ ಬರುತ್ತಾರೆಂದು ತಿಳಿದ ದಿನ ಅಕ್ಕ ನನ್ನೊಬ್ಬಳಿಗೇ ಹೇಳಿದ್ದಳು: "ಇದೊಂದು ಆದ್ರ ಸಾಕ ನೋಡು."

ನಮ್ಮ ಕಡೆ ಹೆಣ್ಣು ನೋಡಲು ಬಂದಾಗ ಒಂದು ರೂಢಿ ಇತ್ತು. ಹುಡುಗಿ ಚಹಾದ ತಾಟು ಹಿಡಿದು ಬರಬೇಕು. ಬಂದವರಲ್ಲಿ ಹಿರಿಯರು "ನಿನ್ನ ಹೆಸರೇನವಾ?" ಎಂದು ಕೇಳುವ ತನಕ ಅವಳು ಕೂಡುವಂತಿಲ್ಲ, ಒಳಗೆ ಹೋಗುವಂತಿಲ್ಲ, ಬಾಯಿ ಬಿಡುವಂತಿಲ್ಲ. ಹೆಸರು ಕೇಳಿದರೆ ಹೆಣ್ಣು ನೋಡಿದಂತೆ.

ಆ ದಿನ ಹಿರಿಯರೆಂದರೆ ಹುಡುಗನ ಸೋದರಮಾವ. ದಪ್ಪ ಮೀಸೆ, ಇಸ್ತ್ರಿ ಮಾಡಿದ ಧೋತರ. ಅಪ್ಪ ಮಾತಿಗೆ ಮಾತು ಎಂದು ಪೇಪರಿನಲ್ಲಿ ಬಂದಿದ್ದ ಬಾಕ್ಸರನ ಸುದ್ದಿ ತೆಗೆದರು. ಮಾವನ ಕಣ್ಣು ಅರಳಿತು. ಅವರಿಗೂ ಒಬ್ಬ ಇದ್ದ, ಅಪ್ಪನವನಿಗಿಂತ ಒಂದು ತಲೆಮಾರು ಹಿಂದಿನವನು. ಹತ್ತು ನಿಮಿಷದಲ್ಲಿ ಇಬ್ಬರೂ ಜಮಖಾನದ ಅಂಚಿಗೆ ಬಂದಿದ್ದರು. ಮೂರನೆಯ ರೌಂಡಿಗೆ ನಿಮ್ಮವ ಮಲಗುತ್ತಾನೆ ಎಂದರು ಅಪ್ಪ. ಅಕ್ಕ ತಾಟು ಹಿಡಿದು ಬಂದು ನಿಂತದ್ದು ಆಗ. ಅವಳನ್ನು ಯಾರೂ ನೋಡಲಿಲ್ಲ. ಹುಡುಗ ಒಮ್ಮೆ ನೋಡಿದ, ಆಮೇಲೆ ಮಾವನ ಮೋರೆ ನೋಡಿ ತಲೆ ತಗ್ಗಿಸಿದ. ಮಾಸ್ತರನಂತೆ, ಎರಡು ವಾಕ್ಯ ಜೋಡಿಸಿ ಮಾತು ಬದಲಿಸಲಾರದವನು ಮಕ್ಕಳಿಗೆ ಏನು ಕಲಿಸುತ್ತಿದ್ದನೋ.

"ನಮ್ಮವ ಹುಟ್ಟಿದಾಗಿಂದ ನೆಲಾ ಮುಟ್ಟಿಲ್ರಿ," ಎಂದರು ಮಾವ.

ಅಪ್ಪ ಸುಮ್ಮನಿರಬಹುದಿತ್ತು. ಬದಲಿಗೆ ನನ್ನನ್ನು ಕೂಗಿದರು. ಸಾಮಾನ್ಯ ಜ್ಞಾನದ ಸ್ಪರ್ಧೆಯಲ್ಲಿ ನನಗೊಂದು ದಪ್ಪ ಇಂಗ್ಲಿಷ್ ಪುಸ್ತಕ ಬಹುಮಾನ ಬಂದಿತ್ತು, ಜಗತ್ತಿನ ದಾಖಲೆಗಳೆಲ್ಲ ಅದರಲ್ಲಿದ್ದವು. ಆ ಪುಸ್ತಕವನ್ನು ತಂದೆ. ಎರಡೂ ಜಡೆ ಮುಂದೆ ಹಾಕಿಕೊಂಡು, ಸಿಸ್ಟರ್ ಕಲಿಸಿದಂತೆ ನೆಟ್ಟಗೆ ನಿಂತು, ಮೊದಲು ಇಂಗ್ಲಿಷಿನಲ್ಲಿ ಓದಿದೆ, ಆಮೇಲೆ ಕನ್ನಡದಲ್ಲಿ ಹೇಳಿದೆ. ಮಾವನ ಬಾಕ್ಸರ್ ನೆಲಕ್ಕೆ ಬಿದ್ದಿದ್ದ. ಅಪ್ಪ ಕೇಳಿದ್ದು ಬಿದ್ದಿದ್ದನೋ ಇಲ್ಲವೋ ಎಂದು ಮಾತ್ರ. ನಾನು, ಯಾರೂ ಕೇಳದಿದ್ದರೂ, "ಎರಡು ಸಲ" ಎಂದು ಸೇರಿಸಿದೆ.

ಅಪ್ಪ ತೊಡೆ ತಟ್ಟಿ ನಕ್ಕರು. ಮಾವ ಟೊಪ್ಪಿಗೆ ತೆಗೆದುಕೊಂಡರು. "ಸಣ್ಣ ಹುಡುಗಿ ಕಡಿಂದ ಓದಿಸಿ ನಮ್ಮನ್ನ ಸುಳ್ಳ ಮಾಡಿದ್ರಿ. ಇರಲಿ," ಎಂದು ಮೆಟ್ಟಿಲಿಳಿದರು. ಹಿಂದೆಯೇ ಹುಡುಗ. ಚಹಾದ ಮೇಲೆ ಕೆನೆ ಕಟ್ಟಿತ್ತು. ಅಕ್ಕ ನಿಂತೇ ಇದ್ದಳು. ಅವಳ ಹೆಸರನ್ನು ಯಾರೂ ಕೇಳಿರಲಿಲ್ಲ.

ಮುಂದಿನ ವರ್ಷ ಹಿಡಕಲ್ಲಿನ ನೀರಾವರಿ ಕಚೇರಿಯಲ್ಲಿದ್ದವರಿಗೆ ಅವಳನ್ನು ಕೊಟ್ಟರು. ಭಾವ ಒಳ್ಳೆಯವರು. ಮಾತು ಕಡಿಮೆ, ಡ್ಯಾಮಿನ ನೀರಿನ ಮಟ್ಟ ಬಿಟ್ಟರೆ ಬೇರೆ ಸುದ್ದಿಯಿಲ್ಲ. ಅಕ್ಕನೂ ಅಲ್ಲಿ ಮೌನಿಯಾದಳು. ಅವಳ ಸ್ವಭಾವವೇ ಹಾಗೆ ಎಂದು ನಾವೆಲ್ಲ ತೀರ್ಮಾನ ಮಾಡಿದೆವು. ನಾನೋ, ಈ ಕಥೆಯನ್ನು ಎಷ್ಟು ಮನೆಗಳ ಅರಿಷಿಣ ಕುಂಕುಮದಲ್ಲಿ ಮೀಸೆ ತಿರುವಿ ತೋರಿಸಿ ಹೇಳಿದ್ದೇನೆ, ಗಂಡಸರ ಬುದ್ಧಿ ನೋಡಿರೆಂದು ಹೆಂಗಸರನ್ನು ನಗಿಸಿದ್ದೇನೆ. "ಎರಡು ಸಲ" ಎಂದು ನಾನೇ ಸೇರಿಸಿದ್ದನ್ನು ಮಾತ್ರ ಎಲ್ಲಿಯೂ ಹೇಳಿರಲಿಲ್ಲ. ಅಕ್ಕನನ್ನು ಒಂದು ಮಾತು ಕೇಳಿರಲೂ ಇಲ್ಲ.

ಅಕ್ಕ ಸೊಪ್ಪಿನಿಂದ ತಲೆಯೆತ್ತಿದಳು. "ಯಾರ ಕಾಲದಾಗ ಕೂಡಸ್ತೀರಿ ಅವರನ್ನ?" ಎಂದಳು.

ನಮ್ಮ ಯಜಮಾನರಿಗೆ ತಿಳಿಯಲಿಲ್ಲ.

"ಹಳೇ ಮನಿಶಾಗ ಗ್ಲೌಸ ತೆಳ್ಳಗ, ರೌಂಡ ಭಾಳ. ಹೊಸಬಗ ಗ್ಲೌಸ ದಪ್ಪ, ರೌಂಡ ಕಡಿಮಿ. ಯಾರ ನೇಮಾ ಹಿಡೀತೀರಿ ಅಂತ ಮೊದಲ ಹೇಳ್ರಿ, ಆಮ್ಯಾಲ ನಾ ಹೇಳತೇನಿ." ಒಂದು ಕಡ್ಡಿ ಮುರಿದು ಬೇರಿನ ಕಡೆ ಹಾಕಿದಳು. "ಅವತ್ತ ನಾಲಿಗಿ ತುದೀಗೆ ಬಂದಿತ್ತು. ಅಪ್ಪಾ, ಆ ಮಾವಾ ಇಬ್ಬರೂ ಅದನ್ನ ಬಿಟ್ಟ ಜಗಳಾ ಮಾಡಾಕತ್ತಿದ್ರು. ಅದನ್ನೊಂದ ಕೇಳಿದ್ರ ಅಲ್ಲಿಗೇ ಮುಗೀತಿತ್ತು."

ಗುರುಸಿದ್ದಪ್ಪನವರು ಮೊಬೈಲ್ ಆರಿಸಿದರು. ನಾನು ಹಿಟ್ಟು ನಾದತೊಡಗಿದೆ, ಆಗಲೇ ಹದವಾಗಿದ್ದ ಹಿಟ್ಟನ್ನು. ಆಮೇಲೆ ಅವಳನ್ನು ಎಷ್ಟು ಕೇಳಿದರೂ "ಹೋಗಲಿ ಬಿಡ" ಎಂದಳೇ ಹೊರತು ಹುಕ್ಕೇರಿಯ ಮಾತು ಎತ್ತಲಿಲ್ಲ. ನನ್ನ ಪುಸ್ತಕದ ಮಾತನ್ನೂ ಎತ್ತಲಿಲ್ಲ.

ಸಂಜೆ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಬಾಜೂ ಮನೆಯ ಶೋಭಾ ವೈನಿ ಗೋಡೆಯಾಚೆ ತಮ್ಮ ಸೀರೆ ಮಡಚುತ್ತ, ನನ್ನ ಕಡೆ ನೋಡದೆಯೇ ಹೇಳಿದರು: "ನಿಮ್ಮ ಅಕ್ಕಾರು ಭಾಳ ಮಾತಾಡ್ತಾರ್ರಿ, ಮಧ್ಯಾಹ್ನ ನನ್ನ ಕೂಡ ಎರಡ ತಾಸ ಮಾತಾಡಿದ್ರು. ನೀವು ನೋಡಿದ್ರ, ಅವರು ಮಾತ ಆಡಂಗಿಲ್ಲ ಅಂತಿದ್ರಿ."