ವಾರ್ನಿಷ್ ಹಚ್ಚುವ ದಿನ

ಹರ್ಮಿನೆ ಕ್ರಾಲಿಕ್ ದೊಡ್ಡ ಕಲಾವಿದೆಯೇನಲ್ಲ. ವಿಯೆನ್ನಾದ ಸಿರಿವಂತರ ಮುಖಗಳನ್ನು, ಅವರಿಗೆ ಬೇಕಾದಷ್ಟು ಚೆಂದ ಮಾಡಿ ಬರೆದು ಬದುಕುತ್ತಿದ್ದವಳು. ಚಿತ್ರ ಒಪ್ಪಿಸುವಾಗ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು: "ಬಣ್ಣ ಒಳಗೊಳಗೇ ಒಣಗ್ಬೇಕು. ವರ್ಷ ತುಂಬಿದ ದಿನ ನಾನೇ ಬಂದು ವಾರ್ನಿಷ್ ಹಚ್ತೀನಿ. ಅಲ್ಲೀವರೆಗೂ ಗೋಡೆಯಿಂದ ಇಳಿಸ್ಬೇಡಿ."

ವರ್ಷ ಕಾಯುವುದು ಕಸುಬಿನ ಪದ್ಧತಿಯೇ. ಗೋಡೆಯಿಂದ ಇಳಿಸಬಾರದೆಂಬುದು ಮಾತ್ರ ಅವಳ ಸ್ವಂತ ಸೇರ್ಪಡೆ. ತೆಳ್ಳಗೆ ಬಣ್ಣ ಹಚ್ಚುವವಳು. ಅವಳ ಚಿತ್ರವನ್ನು ಆರು ತಿಂಗಳಿಗೇ ಎಲ್ಲಿಗೆ ಬೇಕಾದರೂ ಹೊತ್ತೊಯ್ಯಬಹುದಿತ್ತು. ಆದರೆ ವರ್ಷದ ಮೇಲೆ ಸೀಸೆ ಹಿಡಿದು ಹೋದರೆ ಕಾಫಿ, ಕೇಕು, ನಾಲ್ಕು ಮಾತು. ಏಳುವಷ್ಟರಲ್ಲಿ ಮಗಳದೋ ಅತ್ತೆಯದೋ ಇನ್ನೊಂದು ಚಿತ್ರ ಗ್ಯಾರಂಟಿ. ಹದಿನೈದು ವರ್ಷ ಅವಳ ಹೊಟ್ಟೆ ಹೊರೆದದ್ದು ಈ ಉಪಾಯವೇ. ಯಾರಿಗೂ ಇದರಿಂದ ನಷ್ಟವಿರಲಿಲ್ಲ, ಅಲ್ಲಿಯವರೆಗೆ.

೧೯೩೭ರ ಮಾರ್ಚಿನಲ್ಲಿ ಸ್ಟೆಫಾನಿ ಲಾಂಡೌ ಎಂಬ ಯಹೂದಿ ಸಿರಿವಂತೆಗೆ, ತೀರಿಕೊಂಡ ಗಂಡನ ಚಿತ್ರ ಬರೆದುಕೊಟ್ಟಳು. ಆಕೆ ದಿನಾ ಅದರೆದುರೇ ಕೂತು ಕಾಫಿ ಕುಡಿಯುತ್ತಿದ್ದರು. ನವೆಂಬರಿನಲ್ಲಿ ಹರ್ಮಿನೆಯನ್ನು ಮನೆಗೆ ಕರೆಸಿಕೊಂಡರು.

"ಜ್ಯೂರಿಕ್‌ನಿಂದ ಮಗಳು ಬಾ ಬಾ ಅಂತ ಪ್ರಾಣ ತಿಂತಿದಾಳೆ ಕಣಮ್ಮ. ಇಲ್ಲಿ ನಮ್ಮೋರಿಗೆ ಉಳಿಗಾಲ ಇಲ್ವಂತೆ. ಆದ್ರೆ ಇವರನ್ನ ಬಿಟ್ಟು ನಾನು ಹೋಗಲ್ಲ. ಚಿತ್ರ ಇಳಿಸಿ ಕಟ್ಟಿಸ್ಬಹುದಾ?"

ಬೇಸಿಗೆಯಿಂದ ಹರ್ಮಿನೆಗೆ ಒಂದೂ ಕೆಲಸ ಸಿಕ್ಕಿರಲಿಲ್ಲ. ಈಕೆಯೂ ಹೋದರೆ? ನಾಲಿಗೆ ತಾನಾಗಿ ಆಡಿತು. "ಬಿರುಕು ಬಿಡತ್ತೆ ಅಮ್ಮಾವ್ರೇ. ಮುಖಕ್ಕೇ ಬಿಡತ್ತೆ."

ಆಕೆ ಗಂಡನ ಮುಖ ನೋಡಿದರು. "ಅಯ್ಯೋ, ಬೇಡಪ್ಪ. ಮಾರ್ಚ್ ತಾನೇ? ಈ ಮನುಷ್ಯನಿಗೆ ಕಾಯೋದು ನನಗೇನು ಹೊಸದಾ!"

ಕೆಳಗೆ ಬಾಗಿಲು ಕಾಯುವ ನಾವ್ರಾಟಿಲ್ ಕೇಳಿದ: "ಏನಂತೆ, ಮುದುಕಿ ಹೊರಟ್ಲಾ?"

"ಮಾರ್ಚ್‌ವರೆಗೂ ಇರ್ತಾರೆ."

"ಇರ್ಲಿ, ಇರ್ಲಿ," ಎಂದು ನಕ್ಕ. ಒಡತಿಯನ್ನು ಅವನು 'ಮುದುಕಿ' ಎಂದದ್ದು ಅದೇ ಮೊದಲು. ಹರ್ಮಿನೆ ಒಮ್ಮೆ ಮೆಟ್ಟಿಲ ಕಡೆ ತಿರುಗಿ ನೋಡಿದಳು. ಆದರೂ ಹತ್ತಿ ಹಿಂದಿರುಗಿ ಹೋಗಲಿಲ್ಲ.

ಮಾರ್ಚ್ ಬಂತು. ಹಿಟ್ಲರನ ಸೈನ್ಯವೂ ಬಂತು. ಒಂದೇ ವಾರದಲ್ಲಿ ಬೀದಿಯ ಕಿಟಕಿಗಳಿಗೆಲ್ಲ ಬಾವುಟ. ಹರ್ಮಿನೆ ಹೇಳಿದ ದಿನಕ್ಕೇ ಸೀಸೆ ಹಿಡಿದು ಹೊರಟಳು. ನಿಜ ಹೇಳಿಬಿಡಬೇಕು, ಚಿತ್ರವನ್ನು ತಾನೇ ಕಟ್ಟಿಕೊಟ್ಟು ಆಕೆಯನ್ನು ರೈಲು ಹತ್ತಿಸಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡಳು.

ಮಹಡಿಯ ಬಾಗಿಲು ತೆರೆದವನು ನಾವ್ರಾಟಿಲ್. ತೋಳಿಗೆ ಸ್ವಸ್ತಿಕದ ಪಟ್ಟಿ, ಕೈಯಲ್ಲಿ ಒಡತಿಯ ಕಾಫಿ ಕಪ್ಪು.

"ಅಮ್ಮಾವ್ರು?"

"ಶುಕ್ರವಾರ ನಮ್ಮೋರು ಬಂದು ಎಳ್ಕೊಂಡ್ಹೋದ್ರು. ಗಂಟುಮೂಟೆ ಕಟ್ಕೊಂಡು ನಿನ್ನೇ ಕಾಯ್ತಿತ್ತು ಪಾಪ. ಬಾ, ಬಂದ ಕೆಲಸ ಮುಗಿಸು. ಚಿತ್ರ ಈಗ ನಂದು."

ಹರ್ಮಿನೆ ಹಚ್ಚಿದಳು. ಮಂಕಾಗಿದ್ದ ಬಣ್ಣ ಎದ್ದಿತು, ಚಿತ್ರದಲ್ಲಿ ಆಕೆಯ ಗಂಡನ ಕಣ್ಣು ಹೊಳೆಯಿತು. ಎಲ್ಲೂ ಒಂದು ಬಿರುಕಿರಲಿಲ್ಲ.

"ಭಲೇ!" ಎಂದ ನಾವ್ರಾಟಿಲ್. "ಇದರ ಪಕ್ಕ ತೂಗುಹಾಕೋಕೆ ನನ್ ಹೆಂಡ್ತೀದೂ ಒಂದು ಬರ್ದುಬಿಡು. ವರ್ಷ ಬಿಟ್ಟು ಬಂದು ವಾರ್ನಿಷ್ ಹಚ್ಚೀಯಂತೆ, ಆಯ್ತಾ?"

ಅವಳು ಸೀಸೆಗೆ ಬಿರಡೆ ಹಾಕಿ, "ಆಗ್ಲಿ" ಎಂದಳು.