ಕಡೂರಲ್ಲಿ ಮೈನಸ್ ನಲವತ್ತು

ನನಗೆ ಸಿಟ್ಟು ಜಾಸ್ತಿ ಅಂತಾರೆ. ಅನ್ಲಿ ಬಿಡಿ. ಹನ್ನೊಂದು ವರ್ಷ ನಿಯತ್ತಾಗಿ ಗಾಡಿ ಓಡಿಸಿದೋನನ್ನ ನಾಲ್ಕು ಜನರ ಮುಂದೆ ಡೀಸೆಲ್ ಕಳ್ಳ ಅಂದ್ರೆ ಯಾರಿಗೆ ಸಿಟ್ಟು ಬರಲ್ಲ ಹೇಳಿ? ಆದ್ರೆ ನಾನು ಹೇಳ್ಬೇಕು ಅಂತಿರೋದು ನನ್ನ ವಿಷ್ಯ ಅಲ್ಲ, ಕಡೂರಿನ ಮೆಕ್ಯಾನಿಕ್ ಸಿದ್ದಲಿಂಗೇಶಣ್ಣಂದು.

ನಾನು ವೇಣು. ಸಿಂಗಟಗೆರೆ ಪಂಚಾಕ್ಷರಪ್ಪನೋರ ಪಿಕಪ್ಪಲ್ಲಿ ತೆಂಗಿನಕಾಯಿ ಲೋಡ್ ಹೊಡೀತೀನಿ. ಹೋದ ಬೇಸಿಗೇಲಿ ಗಾಡಿ ಕರೀ ಹೊಗೆ ಉಗುಳೋಕೆ ಶುರು ಮಾಡ್ತು, ಮೈಲೇಜ್ ಬಿದ್ದೋಯ್ತು. ಯಜಮಾನ್ರು ಕಾಯಿ ಮಂಡೀಲಿ, ಹಮಾಲರೆಲ್ಲ ಕೇಳೋ ಹಂಗೆ, "ಡೀಸೆಲ್ ಎಲ್ಲಿ ಮಾರ್ಕೊಂಡ್ಯೋ ಕಳ್ಳ ನನ್ಮಗನೇ" ಅಂದು ಕೀ ಕಿತ್ಕೊಂಡ್ರು. ನಮ್ಮವ್ವ ಹುಲಿಯಮ್ಮ ನಾಚಿಕೆಗೆ ಎರಡು ದಿನ ಬೀದಿ ನಲ್ಲಿ ಹತ್ರ ಹೋಗ್ಲಿಲ್ಲ.

"ಮೊದ್ಲು ಗಾಡಿ ತೋರ್ಸಿ, ಆಮೇಲೆ ಬೈರಿ" ಅಂದೆ. ತೋರ್ಸೋಕೆ ಕರ್ಕೊಂಡು ಹೋಗಿದ್ದು ಯಾರ ಹತ್ರ? ಯಜಮಾನ್ರ ಹೆಂಡ್ತಿ ತಮ್ಮ ಸಿದ್ದಲಿಂಗೇಶನ ಹತ್ರ! ಭಾವನ್ನ ಬಿಟ್ಟು ನನ್ನ ಪರ ನಿಲ್ತಾನಾ? ನಾನು ಆಸೆ ಬಿಟ್ಟೆ.

ಸಿದ್ದಲಿಂಗೇಶಣ್ಣಂದು ಇಪ್ಪತ್ತು ವರ್ಷದಿಂದ ಅದೇ ತಗಡಿನ ಶೆಡ್ಡು. ಬೆಳಿಗ್ಗೆ ಹಣೆ ಮೇಲೆ ಮೂರು ಪಟ್ಟೆ ವಿಭೂತಿ, ಮಧ್ಯಾಹ್ನದೊಳಗೆ ಗ್ರೀಸಿನ ನಾಲ್ಕನೇ ಪಟ್ಟೆ. ಅಳೆದು ನೋಡದೆ ಒಂದು ಸಾಮಾನೂ ಬದಲಾಯ್ಸಲ್ಲ. ಅವಸರದ ಗಿರಾಕಿಗಳು ಬೈಕೊಂಡು ಹೋಗ್ತಾರೆ, ತಿಂಗಳು ಬಿಟ್ಟು ವಾಪಸ್ ಬರ್ತಾರೆ.

ಸ್ಕ್ಯಾನರ್ ಹಾಕಿ ನೋಡಿ ನಕ್ಕ. "ಇಂಜಿನ್ ಬಿಸಿ ಮೈನಸ್ ನಲವತ್ತಂತೆ. ಭಾವ, ಕಡೂರಲ್ಲಿ ಹಿಮ ಬೀಳ್ತೈತೆ!"

ಇಂಜಿನ್ ನೀರು ಎಷ್ಟು ಬಿಸಿ ಅಂತ ಗಾಡಿ ಕಂಪ್ಯೂಟರಿಗೆ ಹೇಳೋದು ಒಂದು ಸೆನ್ಸರ್ ಅಂತೆ. ಚಳಿ ಅಂತ ಸುದ್ದಿ ಹೋದ್ರೆ ಅದು ಡೀಸೆಲ್ ಸುರಿಯುತ್ತಂತೆ.

"ಹಂಗಾದ್ರೆ ಸೆನ್ಸರ್ ಹೊಸದು ಹಾಕು" ಅಂದ್ರು ಯಜಮಾನ್ರು.

"ತಡೀರಿ ಭಾವ. ಅದನ್ನೂ ವಿಚಾರಿಸದೆ ಕಳ್ಳ ಅನ್ನೋದು ಬ್ಯಾಡ."

ಇಂಜಿನ್ ಆರಿದ ಮೇಲೆ ಸೆನ್ಸರ್ ಬಿಚ್ಚಿ ಪಕ್ಕದ ತೀರ್ಥಮ್ಮನ ಟೀ ಹೋಟ್ಲಿಗೆ ಹೋದ. ಲೋಟದ ಬಿಸಿನೀರಲ್ಲಿ ಅದ್ದಿ ಮೀಟರ್ ಹಿಡಿದ. ಸೆನ್ಸರ್ ಸರಿ ಇದ್ರೆ ಬಿಸಿ ಏರಿದಂಗೆ ಮೀಟರಿನ ಅಂಕಿ ಇಳೀಬೇಕಂತೆ. ಅಂಕಿ ಸರ್ರನೆ ಇಳೀತು, ನೀರು ಆರ್ತಾ ಆರ್ತಾ ಮೇಲೆ ಹತ್ತಿತು. "ಇದು ನಿಯತ್ತಾಗೈತೆ" ಅಂದು ವಾಪಸ್ ಕೂರಿಸಿ, ಅದಕ್ಕೆ ಸಿಕ್ಕಿಸೋ ವೈರಿನ ಕನೆಕ್ಟರ್ ತಿರುಗಿಸಿ ನೋಡಿದ. ಒಳಗೆ ಹಸಿರು ಕಿಲುಬು, ಅದರ ಸುತ್ತ ಬೆಳ್ಳಗೆ ಗಟ್ಟಿಯಾದ ಪುಡಿ. ಉಗುರಲ್ಲಿ ಕೆರೆದು ಮೂಸಿದ, ಭಾವನ ಹಣೆ ನೋಡಿದ.

"ಭಾವ, ವಿಭೂತಿ."

ಪ್ರತಿ ಸೋಮವಾರ ಯಜಮಾನ್ರು ಬಾನೆಟ್ ಎತ್ತಿ, ತೀರ್ಥ ಚಿಮುಕಿಸಿ, ಒದ್ದೆ ವಿಭೂತಿ ಬಳೀತಿದ್ರು. ಗಾಡಿ ಜೀವ ಇರೋದು ಇಂಜಿನ್ನಲ್ಲಿ, ಹೊರಗೆ ಹಚ್ಚಿದ್ರೆ ಏನು ಬಂತು ಅನ್ನೋರು. ಅದು ಹಂಗೇ ಇಳಿದು ಕನೆಕ್ಟರ್ ಒಳಗೆ ಕೂತ್ಕೊಂಡಿತ್ತು. ಸೆನ್ಸರ್ ಸುದ್ದಿ ಮುಟ್ಟದೆ ಕಂಪ್ಯೂಟರ್ ಮೈನಸ್ ನಲವತ್ತು ಅಂದ್ಕೊಂಡಿತ್ತು.

ಕನೆಕ್ಟರ್ ಉಜ್ಜಿ ಸಿಕ್ಕಿಸಿ ಸ್ಟಾರ್ಟ್ ಮಾಡಿದ. ಸ್ಕ್ಯಾನರಲ್ಲಿ ಅಂಕಿ ಏರ್ತಾ ಹೋಗಿ ಎಂಬತ್ತಾರಕ್ಕೆ ನಿಂತ್ಕೊಳ್ತು. ಹೊಗೆ ಇಲ್ಲ. ಅಬ್ಬಾ, ಎದೆ ಮೇಲಿನ ಕಲ್ಲು ಇಳೀತು ನನಗೆ.

ಯಜಮಾನ್ರು ಮುಖ ಆ ಕಡೆ ಮಾಡಿ ಕೀ ಚಾಚಿದ್ರು. ನಾನು ಕೈ ನೀಡೋದ್ರೊಳಗೆ ಸಿದ್ದಲಿಂಗೇಶಣ್ಣ ತಡೆದ.

"ಭಾವ, ಇವನಿಗೆ ಕಳ್ಳ ಅಂದಿದ್ದು ಎಲ್ಲಿ?"

"ಮಂಡೀಲಿ ಕಣೋ."

"ಕೀನೂ ಅಲ್ಲೇ ಕೊಡಿ."

"ಲೇ, ನಿಮ್ಮಕ್ಕನಿಗೆ ಹೇಳ್ತೀನಿ ನೋಡು!"

"ಹೇಳಿ. ಅವಳೂ ಇದನ್ನೇ ಅಂತಾಳೆ."

ಶೆಡ್ಡಿಗೆ ಬೀಗ ಹಾಕಿ ತಾನೇ ಗಾಡಿ ಓಡಿಸ್ಕೊಂಡು ಬಂದ. ಮಂಡೀಲಿ ಯಜಮಾನ್ರು ಎರಡು ಸಲ ಕೆಮ್ಮಿ, "ಇವ್ನು ಒಂದು ಹನಿ ಡೀಸೆಲ್ ಮುಟ್ಟಿಲ್ಲ ಕಣ್ರಪ್ಪಾ, ತಪ್ಪು ನಂದೇ" ಅಂದು ಕೀ ಕೊಟ್ರು. ಸಿಟ್ಟಿನೋನು ಅನ್ನಿಸ್ಕೊಂಡೋನು ನಾನು, ಹಮಾಲರ ಮುಂದೆ ಗಳಗಳ ಅತ್ಬಿಟ್ಟೆ.

ಮುಂದಿನ ಸೋಮವಾರ ಯಜಮಾನ್ರು ಪೂಜೆ ತಟ್ಟೆ ಹಿಡ್ಕೊಂಡು ಬಂದ್ರು. ಬಾನೆಟ್ ಮುಟ್ಟಲಿಲ್ಲ. ಇಷ್ಟು ವರ್ಷದಲ್ಲಿ ಆ ತಟ್ಟೆ ನನ್ನ ಕೈಗೆ ಬಂದಿದ್ದಿಲ್ಲ. ಅವತ್ತು ಕೊಟ್ಟು ಅಂದ್ರು, "ಎಲ್ಲಿ ಹಚ್ಬೋದೋ ನಿನಗೇ ಗೊತ್ತಲ್ಲಪ್ಪಾ. ನೀನೇ ಹಚ್ಚು."