ಪೊಟ್ಟಣದ ಮೇಲೆ 1600, ಪರದೆಯಲ್ಲಿ 800

ತಾಯಿ ತೀರಿಕೊಂಡ ಮೇಲೆ ವೇದಾ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಪಕ್ಕದ ಫ್ಲ್ಯಾಟಿನಲ್ಲಿ ಒಬ್ಬಳೇ ಇದ್ದಳು. ಮೈಸೂರಿನವಳು, ನಲವತ್ತಾರರ ಪ್ರಾಯ. ಠಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸಿ ವಾಶಿಯ ಒಂದು ಆಫೀಸಿಗೆ ಹೋಗುತ್ತಿದ್ದಳು. ಅಲ್ಲಿ ಕಂಪ್ಯೂಟರ್ ಸಾಮಾನು ತರಿಸುವುದು ಅವಳ ಕೆಲಸ. ವಾರವಿಡೀ ಅವಳ ಬಾಯಲ್ಲಿ ಕನ್ನಡ ಬರುತ್ತಿದ್ದದ್ದು ಬುಧವಾರ ಮಾತ್ರ, ಠಾಣೆ ಬಳಿಯ ಕೋಪರಿಯ ತನ್ನ ಅಂಗಡಿಯಿಂದ ಜಯಶೀಲ ಸಾಮಾನು ತಂದಾಗ. ಉಡುಪಿ ಕಡೆಯವನು. ಚಹಾ ಕುಡಿದು, ಹತ್ತು ನಿಮಿಷ ಮಾತಾಡಿ ಹೋಗುತ್ತಿದ್ದ.

2012ರ ಜೂನ್‌ನಲ್ಲಿ ಅವನು ತಂದ ಕಂಪ್ಯೂಟರ್ ಮೆಮೊರಿಯ, ಅಂದರೆ ರ‍್ಯಾಮ್‌ಗಳ ಪೊಟ್ಟಣದ ಮೇಲೆ ವೇಗ 1600 ಎಂದಿತ್ತು. ಒಂದನ್ನು ಕೂರಿಸಿ ಅಳೆಯುವ ಸಾಫ್ಟ್‌ವೇರ್ ತೆರೆದರೆ ಪರದೆಯಲ್ಲಿ 800. ವೇದಾಳಿಗೆ ಮೈ ಉರಿಯಿತು.

"ಅರ್ಧಕ್ಕರ್ಧ ಮೋಸ ಅಲ್ವೇನ್ರೀ ಇದು? ನಿಮ್ಮನ್ನ ಎಷ್ಟು ನಂಬಿದ್ದೆ!"

"ಅದು ಹಾಗಲ್ಲ ಮೇಡಂ, ಎಂತ ಗೊತ್ತುಂಟಾ..."

"ಏನೂ ಹೇಳ್ಬೇಡಿ."

ಅಂದೇ ಮ್ಯಾನೇಜರಿಗೆ ದೂರು ಬರೆದಳು. ಮಾರಾಟಗಾರರ ಪಟ್ಟಿಯಿಂದ ಅವನ ಹೆಸರು ಹೋಯಿತು. ಬುಧವಾರಗಳು ಉಳಿದ ದಿನಗಳಂತಾದವು.

ಮೂರು ತಿಂಗಳ ನಂತರ ಹೊಸಬನೊಬ್ಬ ಬೇರೆ ಕಂಪನಿಯ ರ‍್ಯಾಮ್ ತಂದ. ಪೊಟ್ಟಣದಲ್ಲಿ ಅದೇ 1600, ಪರದೆಯಲ್ಲಿ ಅದೇ 800. ವೇದಾ ಊಟ ಬಿಟ್ಟು ಇಂಟರ್‌ನೆಟ್‌ನಲ್ಲಿ ಹುಡುಕಿದಳು. ಪರದೆ ತೋರಿಸುವುದು ಮೆಮೊರಿಯನ್ನು ನಡೆಸುವ ಗಡಿಯಾರದ ಮಿಡಿತವನ್ನು. ಒಂದೊಂದು ಮಿಡಿತಕ್ಕೆ ಈ ಮೆಮೊರಿ ಎರಡೆರಡು ಸಲ ಡೇಟಾ ಸಾಗಿಸುತ್ತದೆ. ಪೊಟ್ಟಣದವರು ಬರೆಯುವುದು ಆ ದುಪ್ಪಟ್ಟನ್ನು. ಎರಡೂ ನಿಜವೇ ಆಗಿದ್ದವು.

ಫೋನ್ ಮಾಡಿದಳು, ಜಯಶೀಲ ಎತ್ತಲಿಲ್ಲ. ಶನಿವಾರ ಠಾಣೆಯಲ್ಲಿ ಇಳಿದು, ಕೇಳುತ್ತಾ ಕೇಳುತ್ತಾ ಕೋಪರಿಯ ಅಂಗಡಿ ಹುಡುಕಿದಳು.

"ತಪ್ಪು ನಂದು ಜಯಶೀಲ ಅವ್ರೇ. ನಿಮ್ಮ ಮಾಲು ಸರಿಯಾಗೇ ಇತ್ತು."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ನಾನು ಹೇಳ್ಲಿಕ್ಕೆ ನೋಡಿದೆ ಮೇಡಂ. ನೀವು ಕೇಳ್ಲೇ ಇಲ್ಲ."

"ಮ್ಯಾನೇಜರಿಗೆ ಬರೆದು ಕೊಡ್ತೀನಿ. ಮತ್ತೆ ಬರ್ತೀರಲ್ಲ?"

"ಸಾಮಾನು ಕಳಿಸ್ತೇನೆ," ಎಂದು ಸ್ಟೂಲು ಮುಂದಕ್ಕೆ ತಳ್ಳಿದ. ಅಷ್ಟರಲ್ಲಿ ಗಿರಾಕಿಯೊಬ್ಬ ಬಂದ. ಜಯಶೀಲ ಅವನ ಜೊತೆ ಮರಾಠಿಯಲ್ಲಿ ಮಾತಿಗಿಳಿದ. ವೇದಾ ತುಸು ಹೊತ್ತು ಕೂತಿದ್ದು ಎದ್ದು ಬಂದಳು.

ಸೋಮವಾರ, ಅಳತೆಯನ್ನು ತಪ್ಪಾಗಿ ಓದಿದವಳು ನಾನೇ ಎಂದು ಬರೆದುಕೊಟ್ಟಳು. ಮ್ಯಾನೇಜರ್ ಓದದೆಯೇ ಸಹಿ ಹಾಕಿದ. ಜಯಶೀಲನ ಹೆಸರು ಪಟ್ಟಿಗೆ ಮರಳಿತು. ಮುಂದಿನ ಸಾಮಾನು ಕೊರಿಯರ್‌ನಲ್ಲಿ ಬಂತು, ಅದರ ಮುಂದಿನದೂ ಹಾಗೆಯೇ. ಫೋನಿನಲ್ಲಿ ಅವನು ಮರ್ಯಾದೆಯಿಂದಲೇ ಮಾತಾಡುತ್ತಿದ್ದ, ಆದರೆ ಹಿಂದಿಯಲ್ಲಿ.